ಕಂಬಳದ ಕೋಣದ ಮಣ್ಣಿನ ಮಾದರಿಯಿಂದ 30 ಪ್ಲಾಸ್ಟಿಕ್ ಕೋಣ ತೆಗೆಯುವುದು ಹೇಗೆ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವ, ಕಾರ್ಕಳದ ಹತ್ತಿರ ಮನೆ. ಆವೆಮಣ್ಣಲ್ಲಿ ಒಂದು ಕಂಬಳದ ಕೋಣ ಮಾಡಿದ್ದೇನೆ, ಮೂತಿಯಿಂದ ಬಾಲದವರೆಗೆ 10 ಸೆಂಟಿಮೀಟರ್, ಕೊಂಬು ಸೇರಿ 7 ಸೆಂಟಿಮೀಟರ್ ಎತ್ತರ. ಊರಿನ ಕಂಬಳಕ್ಕೆ ಬರುವ ಕೋಣದ ಯಜಮಾನರಿಗೆ ನೆನಪಿಗೆ ಕೊಡ್ಲಿಕ್ಕೆ 30 ಕಾಪಿ ಬೇಕು. ಮೊದಲು ಒಂದು ಮಾದರಿಗೆ ಪ್ಲಾಸ್ಟರ್ ಆಫ್ ಪ್ಯಾರಿಸಲ್ಲಿ ಅಚ್ಚು ಮಾಡಿ, ದೋಣಿಗೆ ಹಾಕುವ ರೆಸಿನ್ (ಗಟ್ಟಿಯಾಗಿ ಪ್ಲಾಸ್ಟಿಕ್ ಆಗುವ ದ್ರವ) ತಂದು ಹೊಯ್ದೆ. ಕೋಣ ಅಚ್ಚಲ್ಲೇ ಕಚ್ಚಿಕೊಂಡಿತು, ಕೊಂಬು ಎರಡೂ ಮುರಿದು ಒಳಗೇ ಉಳಿದವು, ಮೈಯೆಲ್ಲ ಅಂಟಂಟು. ಈಗ ಎರಡನೇ ಮಾದರಿ ರೆಡಿ ಉಂಟು, ಇನ್ನೂ ಸ್ವಲ್ಪ ಹಸಿ. ಇದನ್ನೂ ಹಾಳು ಮಾಡ್ಲಿಕ್ಕೆ ಮನಸ್ಸಿಲ್ಲ. ಎಂತ ಮಾಡುವುದು?

ಉತ್ತರ: ಮೊದಲು ಆ ಕಚ್ಚಿಕೊಂಡ ಕೋಣದ ವಿಷಯ ಮಾತಾಡುವ, ಯಾಕಂದ್ರೆ ಅದು ಯಾಕೆ ಹಾಗಾಯ್ತು ಅಂತ ಗೊತ್ತಾದ್ರೆ ಮುಂದಿನದ್ದು ಅರ್ಧ ಅರ್ಥ ಆದ ಹಾಗೆ. ಪ್ಲಾಸ್ಟರ್ ಅಚ್ಚು ಕಲ್ಲಿನ ಹಾಗೆ ಗಟ್ಟಿ, ಬಗ್ಗುವುದಿಲ್ಲ. ನಿಮ್ಮ ಕೋಣದ ಕೊಂಬು ಹಿಂದಕ್ಕೆ ಬಾಗಿ ಮತ್ತೆ ಮೇಲೆ ಹೋಗ್ತದಲ್ಲ, ಆ ಬಾಗಿನ ಒಳಗೆ ಪ್ಲಾಸ್ಟರ್ ಹೋಗಿ ಕೂತ್ರೆ ಅದು ಕೊಕ್ಕೆ ಹಾಕಿದ ಹಾಗೆ, ಎಳೆದ್ರೆ ಒಂದೋ ಅಚ್ಚು ಒಡೀಬೇಕು ಇಲ್ಲ ಕೊಂಬು ಮುರೀಬೇಕು, ಮೂರನೇ ದಾರಿ ಇಲ್ಲ. ಅದರ ಮೇಲೆ ಪ್ಲಾಸ್ಟರಿಗೆ ಮೈತುಂಬ ಸಣ್ಣ ಸಣ್ಣ ತೂತು, ಸೀಲ್ ಮಾಡದೆ ಹೊಯ್ದ್ರೆ ರೆಸಿನ್ ಆ ತೂತಿನೊಳಗೆ ಬೇರು ಬಿಡ್ತದೆ. ಮತ್ತೆ ಆ ಅಂಟಂಟು ಇದ್ದದ್ದು ನೀರಿಂದ. ಪ್ಲಾಸ್ಟರ್ ಹೊರಗಿಂದ ಒಣಗಿದ ಹಾಗೆ ಕಂಡ್ರೂ ಒಳಗೆ ನೀರು ವಾರಗಟ್ಟಲೆ ಉಳೀತದೆ, ನಮ್ಮ ಕರಾವಳಿಯ ಹವೆಗೆ ಕೇಳುವುದೇ ಬೇಡ, ಆ ನೀರು ತಾಗಿದಲ್ಲಿ ನಿಮ್ಮ ದೋಣಿಯ ರೆಸಿನ್, ಅಂದ್ರೆ ಪಾಲಿಯೆಸ್ಟರ್ ರೆಸಿನ್, ಸರಿಯಾಗಿ ಗಟ್ಟಿ ಆಗುವುದಿಲ್ಲ.

ನಾನು ಈ ಕೆಲಸ ಮಾಡ್ಲಿಕ್ಕೆ ಶುರು ಮಾಡಿದ ಮೇಲೆ ಕಲಿತದ್ದೆಲ್ಲ ಕಡೆಗೆ ಎರಡು ವಿಷಯಕ್ಕೆ ಬಂದು ನಿಲ್ತದೆ: ನೀರು ಎಲ್ಲಿ ಉಂಟು, ಗಾಳಿ ಎಲ್ಲಿ ಸಿಕ್ಕಿ ಹಾಕಿಕೊಳ್ತದೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರುವ ಊರು ನಮ್ಮದು, ಬೇರೆ ಕಡೆಯವರ ಲೆಕ್ಕ ಹಾಗೇ ಇಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಹಸಿ ಮಾದರಿಗೆ ಬರುವ. ಆವೆಮಣ್ಣು ಒಣಗುವಾಗ ನೂರಕ್ಕೆ 5ರಿಂದ 8ರಷ್ಟು ಕುಗ್ತದೆ, 10 ಸೆಂಟಿಮೀಟರ್ ಇದ್ದ ಕೋಣ ಒಣಗಿ 9.5ರ ಹತ್ತಿರ ಬರ್ತದೆ. ಮಂಗಳೂರಲ್ಲಿ 1865ರಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದ ನೇತ್ರಾವತಿ, ಗುರುಪುರ ಹೊಳೆ ಕಡೆಯ ಇದೇ ಜಾತಿಯ ಮಣ್ಣಲ್ಲಿ ಹಂಚು ಆಗ್ತಾ ಬಂತು, ಅವರೂ ಒತ್ತಿದ ಹಂಚನ್ನು ಸೀದಾ ಬಿಸಿಲಿಗೆ ಇಡ್ತಿರಲಿಲ್ಲ, ಮಾಡಿನಡಿ ಹಲಗೆ ಮೇಲೆ ಜೋಡಿಸಿ ನೆರಳಲ್ಲಿ ಒಣಗಿಸ್ತಿದ್ರು. ನೀವೂ ಹಾಗೇ ಮಾಡಿ. ಕೋಣದ ಮೇಲೆ ಸಡಿಲಾಗಿ ಒಂದು ಪ್ಲಾಸ್ಟಿಕ್ ಕವರ್ ಮುಚ್ಚಿ, ದಿನಕ್ಕೊಮ್ಮೆ ಕವರ್ ತೆಗೆದು ಒಳಗೆ ಕೂತ ನೀರು ಒರೆಸಿ, 7ರಿಂದ 10 ದಿನ. ಕೊಂಬು ಮತ್ತು ಕಿವಿ ತೆಳು ಇರುವ ಕಾರಣ ಬೇಗ ಒಣಗಿ ಬಿರುಕು ಬಿಡ್ತವೆ, ಅವಕ್ಕೆ ಮಾತ್ರ ಒದ್ದೆ ಬಟ್ಟೆಯ ಸಣ್ಣ ತುಂಡು ಸುತ್ತಿಡಿ, ಮೈ ಮೊದಲು ಒಣಗ್ಲಿ.

ಕಾಲೊಳಗೆ ತಂತಿ ಇಟ್ಟಿದ್ದೀರಾ ಇಲ್ವಾ ನೀವು ಬರೆದಿಲ್ಲ. ಇಟ್ಟಿದ್ರೆ ಪೂರ್ತಿ ಒಣಗಿಸ್ಬೇಡಿ ಮಾರಾಯ್ರೆ. ಮಣ್ಣು ಕುಗ್ತದೆ, ತಂತಿ ಕುಗ್ಗುವುದಿಲ್ಲ, ಕಾಲು ಉದ್ದಕ್ಕೆ ಸೀಳಿ ಹೋಗ್ತದೆ. ಅಂಥದ್ದನ್ನು ಚರ್ಮದ ಹದಕ್ಕೆ ಬಂದಾಗ, ಅಂದ್ರೆ ಉಗುರಲ್ಲಿ ಒತ್ತಿದ್ರೆ ಗೆರೆ ಬೀಳ್ಬೇಕು ಆದ್ರೆ ಬೆರಳಲ್ಲಿ ಒತ್ತಿದ್ರೆ ಹೊಂಡ ಬೀಳ್ಬಾರ್ದು, ಆ ಹದದಲ್ಲೇ ಅಚ್ಚಿಗೆ ತಗೊಳ್ಳಿ. ಪೂರ್ತಿ ಒಣಗಿದ್ದಾದ್ರೂ ಚರ್ಮದ ಹದದ್ದಾದ್ರೂ ಶೆಲ್ಲಾಕ್ ಹೊಡೀಬೇಕು, ಬಡಗಿಗಳು ಮರಕ್ಕೆ ಹೊಡೆಯುವ ಫ್ರೆಂಚ್ ಪಾಲಿಶ್ ಅಂತ ಕೇಳಿದ್ರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡ್ತಾರೆ. ತೆಳ್ಳಗೆ ಎರಡು ಕೋಟ್, ನಡುವೆ ಒಣಗ್ಲಿಕ್ಕೆ ಬಿಡಿ. ದಪ್ಪ ಹೊಡೆದ್ರೆ ಕಣ್ಣಿನ ಗೆರೆ, ಮೂಗಿನ ಹೊಳ್ಳೆ, ಗೊರಸಿನ ಸೀಳು ಎಲ್ಲ ತುಂಬಿ ಹೋಗ್ತದೆ. ಅದರ ಮೇಲೆ ವ್ಯಾಸಲೀನ್ ಸ್ವಲ್ಪ, ಮೆತ್ತಗಿನ ಬ್ರಷಲ್ಲಿ, ಉಜ್ಜಿ ಉಜ್ಜಿ ಕಾಣದಷ್ಟು ತೆಳು ಮಾಡಿ. ಬ್ರಷಿನ ಗೆರೆ ಉಳಿದ್ರೆ ಆ ಗೆರೆ ಮೂವತ್ತು ಕೋಣದ ಮೇಲೂ ಬರ್ತದೆ.

ಅಚ್ಚಿಗೆ ಸಿಲಿಕಾನ್ ರಬ್ಬರೇ ಬೇಕು. ಅದು ಬಗ್ಗುತ್ತದೆ, ಕೊಂಬಿನ ಬಾಗಿನಿಂದ ತಾನೇ ಬಿಡಿಸಿಕೊಂಡು ಬರ್ತದೆ. ಅದರಲ್ಲಿ ಎರಡು ಜಾತಿ ಉಂಟು. ಟಿನ್ ಕ್ಯೂರ್ ಅಂತ ಒಂದು, ಪ್ಲಾಟಿನಂ ಕ್ಯೂರ್ ಅಂತ ಒಂದು. ಪ್ಲಾಟಿನಂದು ಕುಗ್ಗುವುದಿಲ್ಲ, ಅಚ್ಚು ತುಂಬ ವರ್ಷ ಬಾಳ್ತದೆ, ಆದ್ರೆ ಮಹಾ ಸೂಕ್ಷ್ಮ. ಗಂಧಕ ಇರುವ ಪ್ಲಾಸ್ಟಿಸಿನ್ ಮಣ್ಣು ತಾಗಿದ್ರೆ ಗಟ್ಟಿ ಆಗುವುದಿಲ್ಲ, ಲೇಟೆಕ್ಸ್ ಗ್ಲೌಸ್ ಹಾಕಿ ಮುಟ್ಟಿದ್ರೂ ಆ ಜಾಗ ಹಲಸಿನ ಮೇಣದ ಹಾಗೆ ಉಳೀತದೆ. ಟಿನ್ ಕ್ಯೂರ್ ಅಷ್ಟು ಹಠ ಮಾಡುವುದಿಲ್ಲ, ಅದಕ್ಕೆ ಗಟ್ಟಿ ಆಗ್ಲಿಕ್ಕೆ ಗಾಳಿಯ ತೇವವೇ ಸಹಾಯ, ಇಲ್ಲಿ ಅದಕ್ಕೆ ಬರ ಇಲ್ಲ. ಮೊದಲ ಸಲಕ್ಕೆ ಟಿನ್ ಕ್ಯೂರ್ ತಗೊಳ್ಳಿ. ತೇವ ಹೆಚ್ಚಾದ್ರೆ ಡಬ್ಬಿಯಲ್ಲಿ ಬರೆದದ್ದಕ್ಕಿಂತ ಬೇಗ ದಪ್ಪ ಆಗ್ತದೆ ಅಂತ ಮಾತ್ರ ನೆನಪಿರ್ಲಿ, ಮತ್ತೆ ಹಾರ್ಡ್‌ನರ್ (ಸಿಲಿಕಾನನ್ನು ಗಟ್ಟಿ ಮಾಡುವ ದ್ರವ) ಬಾಟ್ಲಿಯ ಮುಚ್ಚಳ ಬಳಸಿದ ಕೂಡಲೇ ಹಾಕಿಬಿಡಿ.

ಎಷ್ಟು ಬೇಕು ಅಂತ ಅಂದಾಜು ಹಾಕಿ ತರಬೇಡಿ. ಕೋಣದ ಸುತ್ತ ಎಲ್ಲ ಕಡೆ 1 ಸೆಂಟಿಮೀಟರ್ ಜಾಗ ಬಿಟ್ಟು ಬಾಕ್ಸ್ ಮಾಡಿ, ಬ್ಯಾನರಿಗೆ ಬಳಸುವ ಸನ್‌ಪ್ಯಾಕ್ ಶೀಟ್ ಸಾಕು, ಮೂಲೆಗೆ ಹಾಟ್ ಗ್ಲೂ. ಕೋಣವನ್ನು ಒಳಗೆ ನಿಲ್ಲಿಸಿ ಬೆಳ್ತಿಗೆ ಅಕ್ಕಿಯನ್ನು ಮೆಲ್ಲ ಸುರೀರಿ, ಕೊಂಬಿನ ತುದಿಯಿಂದ 1 ಸೆಂಟಿಮೀಟರ್ ಮೇಲೆ ಬರುವವರೆಗೆ, ಆಮೇಲೆ ಆ ಅಕ್ಕಿಯನ್ನು ಅಳತೆ ಲೋಟದಲ್ಲಿ ಅಳೀರಿ. ಕೋಣದ ಅಗಲ 4 ಸೆಂಟಿಮೀಟರ್ ಅಂತ ಹಿಡಿದ್ರೆ ನಿಮ್ಮ ಅಳತೆಗೆ ಸಿಲಿಕಾನ್ ತುಂಬುವ ಜಾಗ 12, 6, 8 ಸೆಂಟಿಮೀಟರ್ ಆಗ್ತದೆ, ಅಂದ್ರೆ 576 ಎಂಎಲ್, ಅದರಲ್ಲಿ ಕೋಣವೇ ಸುಮಾರು 100 ಹೋದ್ರೆ 475ರ ಹತ್ತಿರ. ಸಿಲಿಕಾನ್ ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ 560 ಗ್ರಾಂ ಹತ್ತಿರ. ಒಂದು ಕಿಲೋ ಡಬ್ಬಿ ತಂದ್ರೆ ಒಂದು ಅಚ್ಚಿಗೆ ಧಾರಾಳ.

ಇನ್ನು ಗಾಳಿಯ ವಿಷಯ, ಇದನ್ನು ಸ್ವಲ್ಪ ನಿಧಾನ ಓದಿ. ಅಚ್ಚು ಹೊಯ್ಯುವಾಗ ಕೋಣ ಬಾಕ್ಸಿನ ತಳದ ಮೇಲೆ ನಾಲ್ಕು ಕಾಲಲ್ಲಿ ನಿಂತಿರ್ತದೆ, ಆದ್ರೆ ರೆಸಿನ್ ಹೊಯ್ಯುವಾಗ ಅಚ್ಚು ತಲೆಕೆಳಗೆ, ಕಾಲು ಮೇಲೆ. ಈಗಲೇ ನಿಮ್ಮ ಮಾದರಿಯನ್ನು ಕೈಯಲ್ಲಿ ಹಿಡಿದು ತಲೆಕೆಳಗೆ ತಿರುಗಿಸಿ ನೋಡಿ. ಕೊಂಬಿನ ತುದಿ ಕೆಳಗೆ ಹೋಯ್ತು, ಅಲ್ಲಿಗೆ ರೆಸಿನ್ ತಾನೇ ಇಳೀತದೆ, ಚಿಂತೆ ಇಲ್ಲ. ಆದ್ರೆ ಜೋತು ಬಿದ್ದ ಕಿವಿ ಈಗ ಮೇಲ್ಮುಖ ಆಯ್ತು, ಗದ್ದದ ಕೆಳಗಿನ ಉಬ್ಬು ಮೇಲೆ ಬಂತು, ಹೊಟ್ಟೆ ಎಲ್ಲದಕ್ಕಿಂತ ದೊಡ್ಡ ಗುಡ್ಡದ ಹಾಗೆ ಮೇಲೆ ಕೂತಿತು. ರೆಸಿನ್ ಕೆಳಗಿಂದ ತುಂಬ್ತಾ ಬರುವಾಗ ಗಾಳಿ ಇಂಥ ಗುಡ್ಡದ ತುದಿಗೆಲ್ಲ ಓಡ್ತದೆ, ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅಲ್ಲೇ ಕೂತು ಬಿಡ್ತದೆ. ನಾನು ಇಂಥದ್ದೇ ಒಂದು ಎಮ್ಮೆ ಕರುವಿನ ಅಚ್ಚು ಮಾಡಿದ್ದೆ, ಮೊದಲ ಪೀಸ್ ಹೊರಗೆ ತೆಗೆದಾಗ ಎಡಗಿವಿ ಇಲ್ಲ. ಕಿವಿ ಇರಬೇಕಾದ ಜಾಗದಲ್ಲಿ ನೆಲಗಡಲೆ ಬೀಜದಷ್ಟು ದೊಡ್ಡ ಗುಂಡಗಿನ ಹೊಂಡ, ಒಳಗೆ ಕನ್ನಡಿಯ ಹಾಗೆ ನುಣ್ಣಗೆ ಹೊಳೀತಿತ್ತು. ಎರಡನೇ ಪೀಸಲ್ಲಿಯೂ ಅದೇ ಜಾಗ, ಮೂರನೆಯದ್ದರಲ್ಲಿಯೂ ಅದೇ. ಹೊಯ್ಯುವ ಕೈ ಎಷ್ಟು ನಿಧಾನ ಮಾಡಿದ್ರೂ ಅಚ್ಚಿನೊಳಗೆ ದಾರಿ ಇಲ್ಲದಿದ್ರೆ ಗಾಳಿ ಹೋಗುವುದು ಎಲ್ಲಿಗೆ.

ಅದಕ್ಕೆ ಹಿಡಿಸೂಡಿ ಕಡ್ಡಿ ತಗೊಳ್ಳಿ, ನಮ್ಮ ತೆಂಗಿನ ಗರಿಯದ್ದೇ. ಎರಡು ಕಿವಿಯ ತುದಿಯಿಂದ ಒಂದೊಂದು, ಗದ್ದದಿಂದ ಒಂದು, ಕೆಳಗೆ ಬಾಕ್ಸಿನ ತಳ ಮುಟ್ಟುವ ಹಾಗೆ ತುಂಡು ಮಾಡಿ ಮಣ್ಣಲ್ಲಿ ಅಂಟಿಸಿ. ಹೊಟ್ಟೆಯ ಅತಿ ಉಬ್ಬಿದ ಜಾಗದಿಂದ ತಳದವರೆಗೆ ಕಿರುಬೆರಳು ದಪ್ಪದ ಒಂದು ಮಣ್ಣಿನ ಕಂಬ ಕೊಡಿ, ಕೆಳಗೆ ಹೋದ ಹಾಗೆ ಅಗಲ ಆಗ್ಲಿ. ಇದೇ ಮುಂದೆ ನೀವು ರೆಸಿನ್ ಹೊಯ್ಯುವ ಬಾಯಿ. ಕಾಲಿಂದ ಹೊಯ್ಯುವವರು ಉಂಟು, ನಂಗೆ ಅದು ಸರಿ ಕಾಣುವುದಿಲ್ಲ, ಸಪೂರ ಕಾಲಲ್ಲಿ ರೆಸಿನ್ ಇಳಿಯುವುದೂ ಗಾಳಿ ಏರುವುದೂ ಒಟ್ಟಿಗೆ ಆಗುವುದಿಲ್ಲ. ಹೊಟ್ಟೆಯಿಂದ ಹೊಯ್ದ್ರೆ ಮೈ ತುಂಬಿ ರೆಸಿನ್ ಕಾಲಿಗೆ ಏರ್ತದೆ, ಗಾಳಿ ನಾಲ್ಕು ಗೊರಸಿನಿಂದ ಹೊರಗೆ ಹೋಗ್ತದೆ, ಕತ್ತರಿಸಿದ ಕಲೆಯೂ ಹೊಟ್ಟೆಯಡಿ ಇರುವ ಕಾರಣ ಯಾರಿಗೂ ಕಾಣುವುದಿಲ್ಲ. ಗೊರಸು ನಾಲ್ಕೂ ಬಾಕ್ಸಿನ ತಳಕ್ಕೆ ಸರಿಯಾಗಿ ಅಂಟಿರಬೇಕು, ಒಂದು ಎದ್ದಿದ್ರೆ ಅದರಡಿ ಸಿಲಿಕಾನ್ ಹೋಗಿ ಆ ಕಾಲಿನ ಬಾಯಿ ಮುಚ್ಚಿ ಹೋಗ್ತದೆ.

ಎರಡು ಭಾಗದ ಅಚ್ಚು ಮಾಡುವುದಾ ಅಂತ ನೀವು ಕೇಳಬಹುದು. ಮಾಡಬಹುದು, ಆದ್ರೆ ಸಿಲಿಕಾನಿಗೆ ಗಾಜು ಬಿಟ್ರೆ ಗಟ್ಟಿಯಾಗಿ ಅಂಟುವುದು ಸಿಲಿಕಾನಿಗೇ. ಹಿಂದೆ ಒಮ್ಮೆ ಯಕ್ಷಗಾನದ ಕಿರೀಟದ ಸಣ್ಣ ಮಾದರಿಗೆ ಎರಡು ಭಾಗದ ಅಚ್ಚು ಮಾಡಿ, ಮೊದಲ ಭಾಗಕ್ಕೆ ವ್ಯಾಸಲೀನ್ ಹಚ್ಚದೆ ಎರಡನೇ ಭಾಗ ಹೊಯ್ದೆ, ಮರುದಿನ ನೋಡುವಾಗ ಎರಡೂ ಒಂದೇ ಇಟ್ಟಿಗೆ, ನಡುವಲ್ಲಿ ಹದಿನೈದು ದಿನದ ಕೆಲಸ. ನಿಮ್ಮ ಅಳತೆಯ ಕೋಣಕ್ಕೆ ಒಂದೇ ಗಡ್ಡೆಯಾಗಿ ಹೊಯ್ದು ಆಮೇಲೆ ಬ್ಲೇಡಲ್ಲಿ ಸೀಳುವುದೇ ನನ್ನ ಸಲಹೆ.

ಸಿಲಿಕಾನನ್ನು ಡಿಜಿಟಲ್ ತಕ್ಕಡಿಯಲ್ಲೇ ತೂಗಿ, ಹಾರ್ಡ್‌ನರ್ ಡಬ್ಬಿಯಲ್ಲಿ ಹೇಳಿದಷ್ಟೇ, ಹೆಚ್ಚಿನವು ನೂರಕ್ಕೆ 2ರಿಂದ 5 ಇರ್ತವೆ. ಪಾತ್ರೆಯ ಗೋಡೆ, ತಳ ಕೆರೆದು ಕೆರೆದು ಕಲಸಿ. ಮೊದಲು ಸಣ್ಣ ಬ್ರಷಲ್ಲಿ ಮುಖ, ಕೊಂಬು, ಕಿವಿಯ ಹಿಂದೆ ಒಂದು ತೆಳು ಪದರ ಹಚ್ಚಿ, ಗುಳ್ಳೆ ಕಂಡ್ರೆ ಬಾಯಲ್ಲಿ ಊದಿ ಒಡೀರಿ. ಆಮೇಲೆ ಬಾಕ್ಸಿನ ಒಂದು ಮೂಲೆಗೆ ಮಾತ್ರ, ಒಂದಡಿ ಎತ್ತರದಿಂದ ದಾರದಷ್ಟು ಸಪೂರ ಧಾರೆ, ನೀರುದೋಸೆ ಹಿಟ್ಟಿನ ಹಾಗೆ ಸಿಲಿಕಾನ್ ತಾನೇ ಹರಿದು ಕೋಣದ ಕಾಲಿಂದ ಮೇಲೆ ಏರಬೇಕು. ಕೋಣದ ಮೇಲೆ ಸೀದಾ ಸುರೀಬೇಡಿ. 24 ಗಂಟೆ ಮುಟ್ಟಬೇಡಿ.

ಸೀಳುವುದು ಹೀಗೆ. ಬಾಕ್ಸ್ ಬಿಚ್ಚಿ, ಗಡ್ಡೆಯನ್ನು ಕಾಲು ಮೇಲೆ ಮಾಡಿ ಇಡಿ. ಹೊಸ ಬ್ಲೇಡಲ್ಲಿ ಹಿಂಗಾಲಿನ ನಡುವಿನಿಂದ ಶುರು ಮಾಡಿ ಹೊಟ್ಟೆ, ಎದೆ, ಗದ್ದ, ಮೂತಿ, ಎರಡು ಕೊಂಬಿನ ನಡುವಿನವರೆಗೆ, ಹಿಂದೆ ಬಾಲದ ಬುಡದವರೆಗೆ. ನೇರ ಗೆರೆ ಬೇಡ, ಹಾವು ಹೋದ ಹಾಗೆ ಅಂಕುಡೊಂಕು ಸೀಳಿದ್ರೆ ಮುಚ್ಚುವಾಗ ಎರಡು ಕಡೆಯೂ ತಾನೇ ಹಲ್ಲಿಗೆ ಹಲ್ಲು ಕೂತುಕೊಳ್ತದೆ. ಬೆನ್ನಿನ ಕಡೆ ಮಾತ್ರ ಸೀಳಬೇಡಿ, ಅದು ಪುಸ್ತಕದ ಬೆನ್ನಿನ ಹಾಗೆ ಹಿಡಿದುಕೊಂಡಿರ್ಲಿ. ಮಣ್ಣಿನ ಕೋಣ ಹೊರಗೆ ಬರುವಾಗ ಮುರಿಯುವ ಸಾಧ್ಯತೆ ಉಂಟು, ಅದಕ್ಕೆ ಬೇಜಾರು ಮಾಡ್ಬೇಡಿ, ಅದರ ಮೈಯ ಒಂದೊಂದು ಗೆರೆಯೂ ಈಗ ರಬ್ಬರಲ್ಲಿ ಉಂಟು. ಒಳಗೆ ಉಳಿದ ಮಣ್ಣನ್ನು ನೀರಲ್ಲಿ ನೆನೆಸಿ ಹಳೇ ಟೂತ್‌ಬ್ರಷಲ್ಲಿ ತೆಗೆದು, ಅಚ್ಚನ್ನು ಬಾಯಿ ತೆರೆದು ಎರಡು ಮೂರು ದಿನ ಗಾಳಿಗೆ ಇಡಿ. ಟಿನ್ ಸಿಲಿಕಾನಿನಿಂದ ಸ್ವಲ್ಪ ಆಲ್ಕೋಹಾಲ್ ಹೊರಗೆ ಬರ್ತಿರ್ತದೆ, ಅದು ಹೋಗುವ ಮೊದಲೇ ಹೊಯ್ದ್ರೆ ರೆಸಿನಿನ ಮೇಲ್ಮೈ ಕೆಡ್ತದೆ.

ರೆಸಿನ್ ಯಾವುದು? ಪಾಲಿಯೂರಿಥೇನ್ ಒಳ್ಳೇದು, ಕೆಲವೇ ನಿಮಿಷದಲ್ಲಿ ಗಟ್ಟಿ, ಕುಗ್ಗುವುದು ಕಡಿಮೆ, ವಾಸನೆಯೂ ಅಷ್ಟಿಲ್ಲ. ಆದ್ರೆ ಅದರಲ್ಲಿರುವ ಐಸೋಸಯನೇಟ್ ನೀರು ಸಿಕ್ಕಿದ್ರೆ ಕಾರ್ಬನ್ ಡೈಆಕ್ಸೈಡ್ ಬಿಡ್ತದೆ, ಕೋಣ ಇಡ್ಲಿಯ ಹಾಗೆ ಉಬ್ಬಿ ಒಳಗೆಲ್ಲ ತೂತು. ಮರದ ಕಡ್ಡಿಯಲ್ಲಿ ಕಲಸಿದ್ರೂ ಆ ಕಡ್ಡಿಯ ತೇವ ಸಾಕು. ಮಳೆಗಾಲದಲ್ಲಿ ನಾನು ಆ ಡಬ್ಬಿಯ ಮುಚ್ಚಳ ತೆಗೆಯುವುದೇ ಇಲ್ಲ. ಡಿಸೆಂಬರ್, ಜನವರಿಯ ಒಣ ಗಾಳಿ ದಿನ ಸಿಕ್ಕಿದ್ರೆ ಮಾಡಬಹುದು. ಎಪಾಕ್ಸಿ ಆಗ್ತದೆ, ನಿಧಾನ, ದುಬಾರಿ. ನಿಮ್ಮಲ್ಲಿ ಈಗಾಗಲೇ ಇರುವುದು ಪಾಲಿಯೆಸ್ಟರ್, ಮಲ್ಪೆ ಬಂದರಿನ ಕಡೆ ಫೈಬರ್ ದೋಣಿಯ ಕೆಲಸಕ್ಕೆ ಮಾರುವಂಥದ್ದು, ಅದನ್ನೇ ಬಳಸಿ.

ಆದ್ರೆ ಜಾಗ್ರತೆಯ ಮಾತು ಮೊದಲು. ಆ ರೆಸಿನಿಗೆ ಎರಡು ಸಣ್ಣ ಬಾಟ್ಲಿ ಬರ್ತದೆ, ನೇರಳೆ ಬಣ್ಣದ್ದು ಕೋಬಾಲ್ಟ್ (ಗಟ್ಟಿ ಆಗುವುದನ್ನು ಬೇಗ ಮಾಡುವಂಥದ್ದು), ನೀರಿನ ಹಾಗೆ ಇರುವುದು ಎಂಇಕೆಪಿ (ರೆಸಿನಿನ ಹಾರ್ಡ್‌ನರ್). ಇವೆರಡನ್ನೂ ಯಾವತ್ತೂ ನೇರ ಒಟ್ಟಿಗೆ ಸೇರಿಸ್ಬೇಡಿ, ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ರೆಸಿನಿಗೆ ಹಾಕಿ ಪೂರ್ತಿ ಕಲಸಿ ಆದ ಮೇಲೆ ಮಾತ್ರ ಎಂಇಕೆಪಿ. ಅಂಗಡಿಯಲ್ಲೇ ಕೋಬಾಲ್ಟ್ ಸೇರಿಸಿ ಕೊಟ್ಟಿದ್ರೆ ಮತ್ತೆ ಹಾಕ್ಬೇಡಿ, ತರುವಾಗಲೇ ಕೇಳಿ. ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ರೂ ದೃಷ್ಟಿಗೆ ಅಪಾಯ, ಸೇಫ್ಟಿ ಕನ್ನಡಕ ಹಾಕದೆ ಬಾಟ್ಲಿ ಮುಟ್ಟಬೇಡಿ. ಮನೆಯೊಳಗೆ ಬೇಡ, ಅಂಗಳದಲ್ಲಿ ಮಾಡಿ, ರೆಸಿನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆ ತಲೆಗೆ ಹತ್ತುತ್ತದೆ, ಆರ್ಗ್ಯಾನಿಕ್ ವೇಪರ್ ಫಿಲ್ಟರ್ ಇರುವ ಮಾಸ್ಕ್ ಬೇಕು, ಬಟ್ಟೆ ಮಾಸ್ಕಿನಿಂದ ಎಂತ ಪ್ರಯೋಜನ ಇಲ್ಲ. ಮಕ್ಕಳು ಹತ್ತಿರ ಬರಬಾರದು. ಉಳಿದ ರೆಸಿನ್ ತೋಡಿಗೆ ಚೆಲ್ಲಬೇಡಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಟ್ಟಿ ಮಾಡಿ ಬಿಸಾಡಿ, ಲೋಟದಲ್ಲಿ ದಪ್ಪ ಉಳಿದ್ರೆ ಅದು ಹೊಗೆ ಬರುವಷ್ಟು ಬಿಸಿ ಆಗ್ತದೆ.

ಒಂದು ಕೋಣಕ್ಕೆ 120 ಗ್ರಾಂ ರೆಸಿನ್ ಹಿಡಿಯಿರಿ, ಮೂವತ್ತಕ್ಕೆ 3.6 ಕಿಲೋ, ಕೆಟ್ಟು ಹೋಗುವುದು ಸೇರಿ 4 ಕಿಲೋ. ಎಂಇಕೆಪಿ ನೂರಕ್ಕೆ 1 ಸಾಕು, 120 ಗ್ರಾಂಗೆ 1.2 ಗ್ರಾಂ, ಸೂಜಿ ತೆಗೆದ ಸಿರಿಂಜಲ್ಲಿ ಸುಮಾರು 1 ಎಂಎಲ್. ಬೇಗ ಆಗ್ಲಿ ಅಂತ ಹೆಚ್ಚು ಹಾಕಿದ್ರೆ ಹೊಟ್ಟೆಯ ದಪ್ಪ ಜಾಗ ಬಿಸಿಯಾಗಿ ಬಿರುಕು ಬಿಡ್ತದೆ. ರೆಸಿನಿಗೆ ಟ್ಯಾಲ್ಕ್ ಪುಡಿ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಕಾಲುಭಾಗ ಸೇರಿಸಿದ್ರೆ ಕುಗ್ಗುವುದೂ ಕಡಿಮೆ, ಬಿಸಿಯೂ ಕಡಿಮೆ, ಖರ್ಚೂ ಕಡಿಮೆ, ಕೈಯಲ್ಲಿ ಹಿಡಿದ್ರೆ ಭಾರವೂ ಬರ್ತದೆ. ಪುಡಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ತಣಿಸಿ ಹಾಕಿ, ನಮ್ಮಲ್ಲಿ ಪುಡಿಯೂ ನೀರು ಕುಡಿದಿರ್ತದೆ. ಕಪ್ಪು ಪಿಗ್ಮೆಂಟ್ ಪೇಸ್ಟ್ ಅದೇ ಅಂಗಡಿಯಲ್ಲಿ ಸಿಗ್ತದೆ, ಸ್ವಲ್ಪ ಸಾಕು, ಮೈ ಒಳಗಿಂದಲೇ ಕಪ್ಪಾಗಿದ್ರೆ ಮುಂದೆ ಎಲ್ಲಿ ತಾಗಿ ಬಣ್ಣ ಹೋದ್ರೂ ಬಿಳಿ ಕಾಣುವುದಿಲ್ಲ.

ಹೊಯ್ಯುವ ಮೊದಲು ಅಚ್ಚಿನೊಳಗೆ ಒಣ ಬ್ರಷಲ್ಲಿ ಟ್ಯಾಲ್ಕಂ ಪೌಡರ್ ಸವರಿ ಊದಿ ತೆಗೀರಿ, ಆ ಪುಡಿಯ ಜಾಡಲ್ಲೇ ರೆಸಿನ್ ಸಣ್ಣ ಗೆರೆಗಳಿಗೆ ಓಡ್ತದೆ. ಎರಡು ಕಡೆ ಹಲಗೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಬಿಗಿ ಬೇಡ, ಬಿಗಿದ್ರೆ ಕೋಣ ಸಪೂರ ಆಗ್ತದೆ. ಮೊದಲು ಅರ್ಧ ಹೊಯ್ದು ಅಚ್ಚನ್ನು ತಲೆಯ ಕಡೆ ವಾಲಿಸಿ ನಾಲ್ಕು ಸಲ ಮೇಜಿಗೆ ತಟ್ಟಿ, ಕೊಂಬಿಗೆ ಇಳೀಲಿ, ಆಮೇಲೆ ಉಳಿದದ್ದು. ಕಿವಿಯ ಕಡ್ಡಿ ತೂತಿನಿಂದಲೂ ನಾಲ್ಕು ಗೊರಸಿನಿಂದಲೂ ರೆಸಿನ್ ಇಣುಕುವವರೆಗೆ ತುಂಬಿಸಿ.

ಹೊರಗೆ ತೆಗೆಯುವ ಅವಸರ ಮಾತ್ರ ಮಾಡ್ಬೇಡಿ. ಪಾಲಿಯೆಸ್ಟರ್ ತನ್ನ ಬಿಸಿಯಿಂದಲೇ ಗಟ್ಟಿ ಆಗುವಂಥದ್ದು. ದಪ್ಪ ಹೊಟ್ಟೆ ಒಂದು ಗಂಟೆಯಲ್ಲಿ ಕಲ್ಲಾಗಿರ್ತದೆ, ಮುಟ್ಟಿದ್ರೆ ಬಿಸಿ ಬಿಸಿ, ಅದೇ ಹೊತ್ತಿಗೆ ಸಪೂರ ಕೊಂಬು ಇನ್ನೂ ರಬ್ಬರಿನ ಹಾಗೆ. ಹೊಟ್ಟೆ ನೋಡಿ ತೆಗೆದ್ರೆ ಕೊಂಬು ಸೊಟ್ಟ. ರಾತ್ರಿ ಹೊಯ್ದು ಬೆಳಿಗ್ಗೆ ತೆಗೀರಿ. ಒಂದೇ ಅಚ್ಚಾದ್ರೆ ಮೂವತ್ತಕ್ಕೆ ಒಂದು ತಿಂಗಳು ಬೇಕು, ಮತ್ತೆ ಸ್ಟೈರೀನ್ ಸಿಲಿಕಾನನ್ನು ನಿಧಾನಕ್ಕೆ ತಿಂತದೆ, ಇಪ್ಪತ್ತು ದಾಟುವಾಗ ಅಂಚು ಒರಟಾಗ್ಲಿಕ್ಕೆ ಶುರು. ಹಾಗಾಗಿ ಮೊದಲ ಚಂದದ ಕಾಪಿಯನ್ನು ಯಾರಿಗೂ ಕೊಡಬೇಡಿ. ಅದರ ಗೆರೆ ತಿದ್ದಿ, ವಾಟರ್ ಪೇಪರಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಸಣ್ಣ ತೂತಿಗೆ ಎಂ-ಸೀಲ್ ತುಂಬಿ ನಿಮ್ಮ ಮಾಸ್ಟರ್ ಮಾಡಿ ಇಟ್ಟುಕೊಳ್ಳಿ, ಎರಡನೇ ಅಚ್ಚನ್ನು ಅದರಿಂದ ತೆಗೀರಿ. ಅದು ಮುರಿಯುವುದಿಲ್ಲ, ಒಣಗುವುದಿಲ್ಲ, ಮುಂದಿನ ವರ್ಷಕ್ಕೂ ಇರ್ತದೆ.

ಮೂಗುದಾರ, ಹಗ್ಗ ಇತ್ಯಾದಿ ಅಚ್ಚಲ್ಲಿ ಬೇಡ, ಅಷ್ಟು ಸಪೂರದ್ದು ಬರುವುದಿಲ್ಲ. ಆಮೇಲೆ ಹತ್ತಿ ದಾರ ಕಟ್ಟಿ. ಮುಂದೆ ಯಾವಾಗಾದ್ರೂ ಜೋಡಿ ಕೋಣ ಮಾಡಿ ಹಿಂದೆ ಕನೆಹಲಗೆಯ ಮೇಲೆ ಓಟಗಾರನನ್ನು ನಿಲ್ಲಿಸುವ ಮನಸ್ಸಿದ್ರೆ ಹಲಗೆ, ಮನುಷ್ಯ, ಕೋಣ ಎಲ್ಲದಕ್ಕೂ ಬೇರೆ ಬೇರೆ ಅಚ್ಚು, ಜೋಡಿಸುವುದು ಕಡೆಗೆ. ಬಣ್ಣ ಹಚ್ಚುವ ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ತೊಳೀರಿ, ಅಚ್ಚಿನಿಂದ ಬಂದ ಪಸೆ ಉಳಿದ್ರೆ ಪೈಂಟ್ ಹಿಡಿಯುವುದಿಲ್ಲ.

ಮೊದಲ ಕೋಣ ಹೊರಗೆ ಬಂದ ಕೂಡಲೇ, ತೊಳೆಯುವ ಮೊದಲೇ, ಕಿವಿ ಮತ್ತೆ ಗದ್ದದ ಫೋಟೋ ಕಳಿಸಿ. ಹೊಂಡ ಯಾವ ಬದಿಗೆ ಬಿದ್ದಿದೆ ಅಂತ ಕಂಡ್ರೆ ಇನ್ನೊಂದು ದಾರಿ ಎಲ್ಲಿ ಕೊರೀಬೇಕು ಅಂತ ಹೇಳ್ತೇನೆ, ಆಗಿರುವ ಅಚ್ಚಿಗೂ ಸಪೂರ ಬ್ಲೇಡಲ್ಲಿ ಒಂದು ಗೆರೆ ಸೀಳಿದ್ರೆ ಗಾಳಿಗೆ ಅಷ್ಟೇ ಸಾಕಾಗ್ತದೆ.